ಉದ್ದಗೆರೆಯ ಮೀನು

ಇಪ್ಪತ್ತೆರಡು ವರ್ಷ ಮೀನಿನ ತೊಟ್ಟಿ ತೊಳೆದವಳನ್ನು ಕಳ್ಳಿ ಅನ್ನುವುದಕ್ಕೆ ಮೇಲ್ವಿಚಾರಕರಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಬಾಯಿಗೆ ಬೀಗ ಇಲ್ಲ ನೋಡಿ!

ಮೀನುಮನೆಯಲ್ಲಿ ಅವಳು ಎಲ್ಲರಿಗೂ ತೊಟ್ಟಿಯಕ್ಕ. ಗಂಡ ತೀರಿಕೊಂಡ ವರ್ಷ ಪೊರಕೆ ಹಿಡಿದು ಬಂದಳು. ಬರಬರುತ್ತ ಗಾಜು ಉಜ್ಜುವುದು, ನೀರು ಬದಲಿಸುವುದು, ಯಾವ ಮೀನು ಮೇವು ಬಿಟ್ಟಿದೆ ಎಂದು ಹೇಳುವುದು ಎಲ್ಲ ಅವಳ ತಲೆಗೇ ಬಿತ್ತು. "ಅಮ್ಮಾ, ನಿನ್ನ ಕೈತುತ್ತಿಗೂ ಪಾಚಿ ವಾಸನೆ" ಎಂದು ಮಗಳು ಛೇಡಿಸುತ್ತಿದ್ದಳು.

ಹೋದ ತಿಂಗಳು ದಕ್ಷಿಣ ಅಮೆರಿಕದ ಹೊಳೆಮೀನುಗಳು ಬಂದವು. ಕಿರುಬೆರಳಿಗಿಂತ ಚಿಕ್ಕವು, ಸಪೂರ ಮೈ, ಮೂತಿಯಿಂದ ಬಾಲದವರೆಗೆ ಉದ್ದಕ್ಕೆ ಕಪ್ಪು ಗೆರೆ. ಗುರುತಿಸಲು ಬಂದ ತಜ್ಞರು ಮಧ್ಯಾಹ್ನ ಭೂತಗನ್ನಡಿ ಹಿಡಿದು ನೋಡಿ, 'ಪೆನ್ಸಿಲ್ ಮೀನು' ಎಂದು ಫಲಕ ಬರೆಸಿದರು. ಮರುದಿನ ಬೆಳಿಗ್ಗೆ ಬೇಗ ಬಂದು ತಾವೇ ದೀಪ ಹಾಕಿದರು. ಗೆರೆ ಮಾಯ! ಮೈಮೇಲೆ ಅಡ್ಡಡ್ಡ ಕಪ್ಪು ಪಟ್ಟೆಗಳು.

"ಇವು ಬೇರೆ ಜಾತಿ. ಯಾರೋ ಮೀನು ಬದಲಾಯಿಸಿದ್ದಾರೆ. ಬೀಗದ ಕೈ ಯಾರ ಹತ್ರ ಇರುತ್ತೆ?"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ನಮ್ಮ ಮೇಲ್ವಿಚಾರಕರು. ಟಿಕೆಟ್ ಕೊಡುವವಳು, ಕಾವಲುಗಾರ, ಗುಡಿಸುವವರು ಎಲ್ಲರೂ ಕೇಳುವ ಹಾಗೆ ಕೂಗಿದರು: "ಕಳ್ಳಿ! ಬೀಗದ ಕೈ ಇಟ್ಟು ಹೋಗು. ನಾಳೆಯಿಂದ ಬರಬೇಡ."

ತೊಟ್ಟಿಯಕ್ಕನ ಮೈಯೆಲ್ಲ ಉರಿದುಹೋಯಿತು. ಬೀಗದ ಕೈಯನ್ನು ಮೇಜಿನ ಮೇಲೆ ಕುಕ್ಕಿ, ತಜ್ಞರ ಕಡೆ ತಿರುಗಿದಳು.

"ಸ್ವಾಮಿ, ನಿನ್ನೆ ನೀವು ಬಂದಿದ್ದು ದೀಪ ಹಾಕಿದ ಮೇಲೆ. ನಾನು ದಿನಾ ಅದಕ್ಕೂ ಮುಂಚೆ ಬರೋಳು. ಕತ್ತಲಲ್ಲಿ ಇವು ಹೀಗೇ ಇರ್ತವೆ. ಬೆಳಕು ಬಿದ್ದು ಸ್ವಲ್ಪ ಹೊತ್ತಾಗ್ಲಿ."

"ನಂಗೇ ಪಾಠ ಹೇಳ್ತೀಯಾ?"

"ಪಾಠ ಯಾಕೆ? ಕಣ್ಣಿದೆಯಲ್ಲ, ಕೂತು ನೋಡಿ!" ಎಂದವಳೇ ಸ್ಟೂಲು ಎಳೆದು ಹಾಕಿದಳು.

ಉಳಿದವರು ತಂತಮ್ಮ ಕೆಲಸಕ್ಕೆ ಹೋದರು. ಅರ್ಧ ಗಂಟೆಯೊಳಗೆ ಪಟ್ಟೆಗಳು ಮಸುಕಾಗಿ, ಅದೇ ಉದ್ದಗೆರೆ ಮೂಡಿತು. ತಜ್ಞರು ಇಂಗು ತಿಂದ ಮಂಗನ ಹಾಗೆ ಕೂತಿದ್ದರು. ಆಮೇಲೆ ಡೈರಿ ತೆಗೆದು, ತಾವೇ ಕಂಡುಹಿಡಿದವರ ಗತ್ತಿನಲ್ಲಿ ಬರೆದುಕೊಂಡರು. ನಾಚಿಕೆ ಅನ್ನುವುದು ಬೇಡವೇ?

ಮೇಲ್ವಿಚಾರಕರು ಬೀಗದ ಕೈ ಎತ್ತಿಕೊಂಡು ಮೆಲ್ಲಗೆ, "ಆಯ್ತು ಬಿಡಕ್ಕ, ತಗೋ, ಹೋಗಿ ಕೆಲಸ ನೋಡು" ಎಂದರು.

ಅವಳು ಕೈ ಚಾಚಲಿಲ್ಲ. ಹೊರಗೆ ಹೋಗಿ, ಟಿಕೆಟ್ ಕೊಡುವವಳನ್ನು, ಕಾವಲುಗಾರನನ್ನು, ಗುಡಿಸುವವರನ್ನು ಒಬ್ಬೊಬ್ಬರನ್ನಾಗಿ ಕರೆತಂದು ತೊಟ್ಟಿಯ ಮುಂದೆ ನಿಲ್ಲಿಸಿದಳು.

"ಈಗ ಹೇಳಿ."

ಮೇಲ್ವಿಚಾರಕರು ನೆಲ ನೋಡುತ್ತ, "ತಪ್ಪಾಯ್ತಕ್ಕ" ಎಂದು ಗೊಣಗಿದರು.

"ಇನ್ನೂ ಗಟ್ಟಿಯಾಗಿ," ಎಂದಳು ತೊಟ್ಟಿಯಕ್ಕ. "ಕಳ್ಳಿ ಅಂದಿದ್ದು ಗೇಟಿನವರೆಗೂ ಕೇಳಿಸಿತ್ತು."