ಹಲ್ಲು ಕೀಳದೆ ಕಳಿಸಿದ ಡಾಕ್ಟರು

ಕೊರೊನಾ ಮುಗಿದ ಮರುವರ್ಷ, ರಾಗಿ ಕೊಯ್ಲಿನ ಸಮಯ. ಹಳೇಬೀಡಿನಲ್ಲಿ ರವಿಕೆ ಹೊಲಿಯುವವಳು ನಾನು. ದವಡೆ ಹಲ್ಲು ವಾರದಿಂದ ನೋಯುತ್ತಿತ್ತು, ಬಾಯಿ ಮುಕ್ಕಳಿಸಿದರೆ ರಕ್ತ ಬರುತ್ತಿತ್ತು. ಕೀಳಿಸಿಬಿಡೋಣ ಎಂದು ಯಜಮಾನರ ಜೊತೆ ಬೇಲೂರಿಗೆ ಹೋದೆ.

ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಇಂಜೆಕ್ಷನ್ ಕೈಗೆ ತೆಗೆದುಕೊಂಡವರು ನನ್ನ ತೋಳು ನೋಡಿ ನಿಂತರು. ಅಲ್ಲಲ್ಲಿ ನೀಲಿಗಟ್ಟಿತ್ತು.

"ಇದೇನಮ್ಮ, ಬಿದ್ರಾ?"

"ಇಲ್ಲ ಡಾಕ್ಟ್ರೇ, ಮಿಷನ್ ತಗುಲಿರ್ಬೇಕು."

"ಎರಡೂ ತೋಳಿಗಾ? ಹಲ್ಲು ನಾನು ಮುಟ್ಟಲ್ಲ. ಮೊದಲು ರಕ್ತ ಪರೀಕ್ಷೆ ಮಾಡಿಸಿ, ಇವತ್ತೇ."

ಮದುವೆ ರವಿಕೆಗಳ ರಾಶಿ ಮನೆಯಲ್ಲಿ ಕಾಯುತ್ತಿತ್ತು. ನನಗೆ ಸಿಟ್ಟೇ ಬಂತು. ಸಂಜೆ ರಿಪೋರ್ಟ್ ನೋಡಿ ಅವರೇ ಫೋನ್ ಮಾಡಿ, "ತಡ ಮಾಡ್ಬೇಡಿ, ಈಗ್ಲೇ ದೊಡ್ಡಾಸ್ಪತ್ರೆಗೆ ಹೊರಡಿ" ಎಂದರು. ಹಾಸನಕ್ಕೆ ಹೋದೆವು, ಅಲ್ಲಿಂದ ಬೆಂಗಳೂರಿಗೆ. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ನೋಡಿದರು. ರಕ್ತದ ಕ್ಯಾನ್ಸರ್.

ಅಲ್ಲಿನ ಡಾಕ್ಟರು ನಿಧಾನವಾಗಿ ಹೇಳಿದರು: "ರಕ್ತದ ಕಣಗಳು ಮಜ್ಜೆಯಲ್ಲಿ ಹುಟ್ಟಿ, ಬಲಿತು, ಆಮೇಲೆ ಕೆಲಸಕ್ಕೆ ಬರ್ಬೇಕು. ನಿಮ್ಮಲ್ಲಿ ಬಿಳಿ ಕಣಗಳು ಅರ್ಧಕ್ಕೇ ನಿಂತುಬಿಟ್ಟಿವೆ. ಬಲಿಯೋದೂ ಇಲ್ಲ, ಸಾಯೋದೂ ಇಲ್ಲ, ಸುಮ್ನೆ ಹೆಚ್ಚುತ್ತಾ ಇವೆ. ಬೇರೆ ಕಣಗಳಿಗೆ ಜಾಗವೇ ಇಲ್ಲ. ರಕ್ತ ಹೆಪ್ಪುಗಟ್ಟೋದೂ ಕೆಟ್ಟಿದೆ. ಹಲ್ಲು ಕಿತ್ತಿದ್ರೆ ರಕ್ತ ನಿಲ್ಲಿಸೋದು ಕಷ್ಟವಾಗ್ತಿತ್ತು."

"ತೆನೆ ಕಟ್ಟದ ಪೈರು ಹೊಲ ತುಂಬ್ಕಂಡಂಗಾ ಸಾರ್?" ಎಂದರು ಯಜಮಾನರು. "ಎಲ್ಲಾ ಕಿತ್ತಾಕ್ಬೇಕಾ?"

"ಬೇರೆ ಬಗೆಯದಾಗಿದ್ರೆ ಹಾಗೇ ಮಾಡ್ತಿದ್ವಿ. ಇವರದಕ್ಕೆ ಆ ಕಣಗಳನ್ನ ಬಲಿಯೋ ಹಾಗೆ ಮಾಡೋ ಮಾತ್ರೆ ಇದೆ. ಬಲಿತ ಮೇಲೆ ತಾವೇ ಆಯಸ್ಸು ಮುಗಿಸ್ಕೊಂಡು ಹೋಗ್ತವೆ. ಜೊತೆಗೆ ಆರ್ಸೆನಿಕ್ ಡ್ರಿಪ್ ಕೊಡ್ತೀವಿ. ಅಂದ್ರೆ ಪಾಷಾಣ."

ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು. "ಇಲಿಗೆ ಇಕ್ಕೋ ಪಾಷಾಣಾನಾ?"

"ಅಳತೆ ಮೇಲೆ ಕೊಟ್ರೆ ಅದೇ ಔಷಧಿ. ಕೂತ್ಕೊಳ್ಳಿ."

ಮೊದಲ ಬಾಟಲಿ ಹಾಕಿದಾಗ ಯಜಮಾನರು ನನ್ನ ಮುಖ ನೋಡಲಿಲ್ಲ, ತೊಟ್ಟಿಕ್ಕುವ ಹನಿಯನ್ನೇ ನೋಡುತ್ತಿದ್ದರು. ಕೆಲವು ದಿನಗಳಲ್ಲಿ ಜ್ವರ ಬಂತು, ಉಸಿರು ಕಟ್ಟಿತು. ಅರ್ಧಕ್ಕೆ ನಿಂತಿದ್ದ ಕಣಗಳು ಒಟ್ಟಿಗೆ ಬಲಿಯುವಾಗ ಹೀಗಾಗುತ್ತದೆಂದು ನರ್ಸ್ ಹೇಳಿದರು. ಅದಕ್ಕೂ ಔಷಧಿ ಕೊಟ್ಟರು. ಬದುಕುವುದಿಲ್ಲ ಅಂತಲೇ ಅಂದುಕೊಂಡಿದ್ದೆ. ಮೆಲ್ಲಗೆ ಜ್ವರ ಇಳಿಯಿತು, ಉಸಿರು ಸಲೀಸಾಯಿತು.

ಈಗ ಕಾಯಿಲೆ ಇಲ್ಲ. ಆಗಾಗ ಪರೀಕ್ಷೆಗೆ ಹೋಗುತ್ತೇವೆ. ರಿಪೋರ್ಟ್ ಬರುವವರೆಗೆ ಯಜಮಾನರು ಕೂರುವುದೇ ಇಲ್ಲ. "ಚೆನ್ನಾಗಿದೆ" ಎಂದು ಡಾಕ್ಟರು ಹೇಳಿದ ಮೇಲೆ ಹೊರಗೆ ಬಂದು ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಾರೆ. ಆಮೇಲೆ "ನಡಿ, ದೋಸೆ ತಿನ್ನಾನ" ಅನ್ನುತ್ತಾರೆ. ನಾನು ನೋಡಿಲ್ಲ ಎಂದುಕೊಂಡಿದ್ದಾರೆ.