ಐದು ದಿನದ ಗಂಜಿ

ನನ್ನ ಅಪ್ಪ ಬೀಗರ ಮನೆಯಲ್ಲಿ ಹೊಟ್ಟೆ ತುಂಬ ಉಂಡು ತೃಪ್ತಿಯಿಂದ ಹೋದ ಜೀವ ಎಂದು ನಮ್ಮ ಎರಡೂ ಕಡೆಯ ನೆಂಟರು ಇವತ್ತಿಗೂ ಹೇಳುತ್ತಾರೆ. ಹಾಗೆ ಹೇಳುವಾಗ ಅವರ ಮುಖದಲ್ಲಿ ಒಂದು ಸಮಾಧಾನವಿರುತ್ತದೆ. ಅದನ್ನು ಕಂಡರೆ ನನ್ನ ಮೈ ಉರಿಯುತ್ತದೆ. ಹೊಟ್ಟೆ ತುಂಬ ಉಂಡದ್ದು ನಿಜ. ಉಳಿದದ್ದು ಸುಳ್ಳು.

ಐವತ್ತರ ದಶಕದ ಕೊನೆ. ನನ್ನನ್ನು ಅಮೃತಹಳ್ಳಿಗೆ ಕೊಟ್ಟು ಆರು ತಿಂಗಳಾಗಿತ್ತು. ಮಾವನವರಿಗೆ ದ್ರಾಕ್ಷಿ ತೋಟ, ರಾಗಿ ಹೊಲ, ಊರಲ್ಲಿ ಮರ್ಯಾದೆ ಎಲ್ಲ ಇತ್ತು. ಮದುವೆಯ ನಂತರ ಮೊದಲ ಸಲ ನನ್ನನ್ನು ನೋಡಲು ಅಪ್ಪ ಚಿಂತಾಮಣಿ ಕಡೆಯಿಂದ ಸಣ್ಣ ರೈಲು ಹತ್ತಿದರು. ದಾರಿಯಲ್ಲಿ ಯಾರೋ ಕೊಯ್ದಿಟ್ಟು ಮಾರುತ್ತಿದ್ದ ಕರ್ಬೂಜ ತಿಂದು, ತೊಟ್ಟಿಯ ನೀರು ಕುಡಿದರಂತೆ. ಯಲಹಂಕದಲ್ಲಿ ಇಳಿಯುವಷ್ಟರಲ್ಲಿ ವಾಂತಿ, ಭೇದಿ. ಗಾಡಿ ಕಟ್ಟಿಕೊಂಡು ಹೋಗಿದ್ದ ನನ್ನ ಗಂಡ ಅಲ್ಲೇ ಒಬ್ಬ ಡಾಕ್ಟರಿಗೆ ತೋರಿಸಿ, ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ ಕರೆತಂದರು.

ಐದು ದಿನ ಗಂಜಿ, ಕಾಯಿಸಿ ಆರಿಸಿದ ನೀರು, ಆಮೇಲೆ ತಿಳಿ ಮಜ್ಜಿಗೆ. ಎಣ್ಣೆ, ಖಾರ, ಮಾಂಸ ಮುಟ್ಟಿಸಬಾರದು. ಡಾಕ್ಟರು ಇದನ್ನು ಎರಡು ಸಲ ಹೇಳಿದ್ದರೆಂದು ನನ್ನ ಗಂಡನೇ ಬಂದು ಹೇಳಿದರು.

ನಾನು ನುಚ್ಚಕ್ಕಿಯನ್ನು ಕರಗುವ ತನಕ ಬೇಯಿಸಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆ ಉಪ್ಪು ಹಾಕಿ, ಗಂಟೆಗೊಮ್ಮೆ ಅರ್ಧ ಲೋಟ ಕುಡಿಸಿದೆ. ಮೊದಲ ದಿನ ಅದೂ ನಿಲ್ಲಲಿಲ್ಲ. ಎರಡನೆಯ ದಿನ ನಿಂತಿತು. ಮೂರನೆಯ ದಿನ ಅಪ್ಪ ಎದ್ದು ಜಗಲಿಯಲ್ಲಿ ಕೂತು, ಗಂಜಿ ಇನ್ನೊಂದು ಲೋಟ ಕೊಡು ಎಂದು ಕೇಳಿದರು. ನನಗೆ ಹೋದ ಉಸಿರು ಬಂದಂತಾಯಿತು.

ನಾಲ್ಕನೆಯ ದಿನ ಭಾನುವಾರ. ಬೆಳಿಗ್ಗೆಯೇ ಮಾವನವರು ಕುರಿ ಕೊಯ್ಯಿಸಿದರು. ಮಗಳ ಮನೆಗೆ ಮೊದಲ ಸಲ ಬಂದ ಬೀಗರು ಬಾಡೂಟ ಉಣ್ಣದೆ ಹೊಸಿಲು ದಾಟಬಾರದು ಎಂಬುದು ನಮ್ಮವರ ಪದ್ಧತಿ. ಮಾವನವರ ದಾಯಾದಿಯೊಬ್ಬ ಜಗಲಿಯ ಮೇಲೆ ಕೂತು ಹಂಗಿಸುತ್ತಿದ್ದ.

"ಏನ್ ಬೀಗ್ರೇ, ಗಂಜಿ ಕುಡ್ಯಾಕೆ ರೈಲ್ ಅತ್ಕೊಂಡ್ ಇಲ್ಲೀಗಂಟ ಬರ್ಬೇಕಿತ್ತಾ? ನಿಮ್ಮೂರಲ್ಲಿ ಎಮ್ಮೆಗ್ ಇಡೋದ್ರಲ್ಲೇ ಒಂದ್ ಲೋಟ ತಗೊಂಡಿದ್ರೆ ಆಗ್ತಿತ್ತಲ್ಲ!"

ಎಲ್ಲರೂ ನಕ್ಕರು. ಅಪ್ಪನೂ ನಕ್ಕರು.

ನಾನು ಒಲೆಯ ಹತ್ತಿರ ಅತ್ತೆಗೆ ಹೇಳಿದೆ. "ಅತ್ತೆ, ಡಾಕ್ಟ್ರು ಐದು ದಿನ ಅಂದವ್ರೆ. ಇನ್ನೆರಡು ದಿನ ತಡೀರಿ."

"ನಾಳೆ ಸ್ವಾಮಾರ, ಬಾಡು ಮಾಡಂಗಿಲ್ಲ. ನಾಡಿದ್ದು ಬೆಳಿಗ್ಗೇನೇ ಒಂಡ್ತೀನಿ ಅಂತಾವ್ರೆ. ಗಂಜಿ ಕುಡ್ಸಿ ಕಳಿಸಿದ್ರು ಅಂತ ನಿಮ್ಮೂರಾಗೆ ಆಡ್ಕೊಳ್ಳಲಿ ಅಂತೀಯಾ? ಎಂಗ್ ಸೊರಗವ್ರೆ ನೋಡು. ಮೂಳೆ ರಸ ಬಿದ್ರೆ ಸಕ್ತಿ ಬತ್ತದೆ."

ಅತ್ತೆ ಅದನ್ನು ನಂಬಿಯೇ ಹೇಳಿದರು. ಅವರು ಕೆಟ್ಟವರಾಗಿದ್ದರೆ ನನ್ನ ಸಿಟ್ಟಿಗೆ ಒಂದು ಜಾಗವಾದರೂ ಸಿಗುತ್ತಿತ್ತು. ನಾನು ಗಂಡನ ಮುಖ ನೋಡಿದೆ. ಡಾಕ್ಟರ ಮಾತನ್ನು ಎರಡು ಸಲ ಕೇಳಿದ್ದ ಆ ಮನುಷ್ಯ ಬಾಳೆ ಎಲೆ ಒರೆಸುತ್ತ ಕೂತಿದ್ದರು.

ಅಪ್ಪ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಾಗ ಹೋಗಿ ಬೇಡಿಕೊಂಡೆ. "ಅಪ್ಪಾ, ಆಗಲ್ಲ ಅಂದ್ಬಿಡು."

"ಸುಮ್ಕಿರು ಕೂಸೇ. ನಾನು ಓಗೋನು, ನೀನು ಇಲ್ಲೇ ಬಾಳೋಳು. ನಿಮ್ಮಪ್ಪ ಎಲೆ ಮುಂದೆ ಮುಖ ತಿರುಗಿಸ್ದ ಅನ್ನೋ ಮಾತು ನಿಂಗ್ಯಾಕೆ?"

ಮುದ್ದೆ, ಕೊಬ್ಬು ತೇಲುವ ಸಾರು, ತುಂಡು. ಮೊದಲನೆಯದನ್ನು ಅತ್ತೆ ಬಡಿಸಿದರು. ಎರಡನೆಯ ಸಲಕ್ಕೆ ನನಗೆ ಕಣ್ಣಲ್ಲೇ ಸನ್ನೆ ಮಾಡಿದರು. ನಾನು ಸೌಟು ತೆಗೆದುಕೊಂಡೆ. ಅಪ್ಪ ನನ್ನ ಮುಖವನ್ನೊಮ್ಮೆ ನೋಡಿದರು. ಕೈ ಅಡ್ಡ ಹಿಡಿಯಲಿಲ್ಲ. ಯಾಕೆ ಹಿಡಿಯಲಿಲ್ಲ? ನಾನು ಯಾಕೆ ಆ ಸೌಟನ್ನು ನೆಲಕ್ಕೆ ಎಸೆಯಲಿಲ್ಲ? ನನ್ನ ಬಾಳಿಗೆ ಒಂದು ಮಾತು ಬರಬಾರದೆಂದು ಅವರು ಉಂಡರು. ಮಾತು ಬಂದರೆ ಬರಲಿ ಎನ್ನುವ ಧೈರ್ಯ ನನಗಿರಲಿಲ್ಲ.

ಸಂಜೆಗೆ ಮತ್ತೆ ಶುರುವಾಯಿತು. ಬೆಳಗಾಗುವಷ್ಟರಲ್ಲಿ ಅಪ್ಪನ ಕಣ್ಣು ಗುಳಿಬಿದ್ದು, ದನಿ ಅಡಗಿತ್ತು. ದೊಡ್ಡಾಸ್ಪತ್ರೆಗೆಂದು ಗಾಡಿ ಹೂಡಿದರು. ನಾನು ಚೊಂಬಿನಲ್ಲಿ ಗಂಜಿ ತಿಳಿ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದೆ. ಹೆಬ್ಬಾಳದ ಕೆರೆ ಏರಿ ಸಿಗುವ ಮುಂಚೆಯೇ ಅವರು ನುಂಗುವುದನ್ನು ನಿಲ್ಲಿಸಿದರು.

ಮೂರನೆಯ ವರ್ಷ ಹಿರಿಯರ ಹಬ್ಬಕ್ಕೆ ತವರಿಗೆ ಹೋದೆ. ಅಪ್ಪನ ಪಂಚೆಯ ಮುಂದೆ ನನ್ನ ತಮ್ಮ ಎಡೆ ಇಟ್ಟಿದ್ದ. ಎಲೆಯ ನಡುವೆ ಮುದ್ದೆ, ಸುತ್ತ ಕುರಿ ಬಾಡು.

"ಅಪ್ಪಂಗೆ ಇಷ್ಟ ಕಣಕ್ಕ. ನಿಮ್ಮನೇಲಿ ಎರಡೆರಡು ಸಲ ಬಡಿಸ್ಕೊಂಡು ಉಂಡ್ರಂತಲ್ಲ" ಎಂದ.

ನಾನು ಬಾಡನ್ನೆಲ್ಲ ಬಾಚಿ ಪಾತ್ರೆಗೆ ಹಾಕಿದೆ. ಒಲೆ ಹಚ್ಚಿ, ನುಚ್ಚು ಬೇಯಿಸಿ, ಸೋಸಿ, ಉಪ್ಪು ಹಾಕಿ ಲೋಟಕ್ಕೆ ಬಗ್ಗಿಸಿ ಎಲೆಯ ಮೇಲಿಟ್ಟೆ. ತಮ್ಮ ಗಾಬರಿಯಾಗಿ, "ಹಬ್ಬದ ದಿನ ಗಂಜಿ ಇಡ್ತಾರಾ? ಏನಾಯ್ತಕ್ಕ ನಿಂಗೆ?" ಎಂದ.

"ಎರಡನೇ ಸಲ ಬಡಿಸ್ದೋಳು ನಾನು ಕಣೋ. ಡಾಕ್ಟ್ರು ಐದು ದಿನ ಅಂದಿದ್ರು, ಇನ್ನೂ ಎರಡು ದಿನ ಬಾಕಿ ಇತ್ತು" ಎಂದೆ.