ಬಿಸಿಯಾದಾಗ ನಿಲ್ಲುವ ಲಾರಿ

ಭಂಕೂರಿನ ಲುಂಬಿನಿಗೆ ಒಂದು ಕಡೆ ಕೂತು ಗೊತ್ತಿಲ್ಲ. ವಾಡಿ ರಸ್ತೆಯಲ್ಲಿರುವ ಅಣವೀರನ ಗ್ಯಾರೇಜಿನಲ್ಲಿ ಅವಳು ಲಾರಿ ಮೆಕ್ಯಾನಿಕ್. ಮನೆಯಲ್ಲಿ ಊಟಕ್ಕೆ ಕೂತರೂ ಮನಸ್ಸೆಲ್ಲ ಅರ್ಧ ಬಿಚ್ಚಿಟ್ಟ ಎಂಜಿನ್ನಿನ ಮೇಲೆ.

ಹೋದ ಬೇಸಿಗೆಯಲ್ಲಿ ಸೂಗಪ್ಪನ ಲಾರಿ ಅವಳ ನಿದ್ದೆ ಕೆಡಿಸಿತು. ಶಹಾಬಾದಿನ ಫರಸಿ ಕಲ್ಲು ಹೇರಿಕೊಂಡು ಚಿಂಚೋಳಿ ಕಡೆ ಹೊರಟರೆ, ಎಂಜಿನ್ ಕಾದ ಮೇಲೆ ತಟ್ಟನೆ ಬಂದ್. ಆರಿದ ಮೇಲೆ ಏನೂ ಆಗದಂತೆ ಚಾಲೂ. ಎಂಜಿನ್ ತಿರುಗುತ್ತಿದೆಯೆಂದು ಲಾರಿಯ ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಕೆಟ್ಟಿದೆ ಎಂದುಕೊಂಡಳು ಲುಂಬಿನಿ. ಅದು ಎಂಜಿನ್ನಿನ ಹಿಂಬದಿ, ಗೇರ್‌ಬಾಕ್ಸ್ ಸೇರುವಲ್ಲಿ, ಕಣ್ಣಿಗೆ ಬೀಳದಂತೆ ಕೂತಿರುತ್ತದೆ. ತಡಕಾಡಿ ಹಳೆಯದನ್ನು ಕಿತ್ತು ಹೊಸದು ಹಾಕಿದಳು.

ವಾರ ತುಂಬುವ ಮೊದಲೇ ಸೂಗಪ್ಪ ತಿರುಗಿ ಬಂದ.

“ಮತ್ತ ನಿಂತದ ತಂಗಿ. ಗಿರಾಕಿ ಬೈಲಿಕತ್ತಾನ.”

ಗ್ಯಾರೇಜಿನಲ್ಲಿ ಎಷ್ಟು ಓಡಿಸಿದರೂ ಎಂಜಿನ್ ನಿಲ್ಲಲಿಲ್ಲ. ಲುಂಬಿನಿ ಲಾರಿಯ ಸುತ್ತ ತಿರುಗಿದಳು, ಬಗ್ಗಿದಳು, ಎದ್ದಳು.

“ಕಾಕಾ, ನಾನೂ ನಿಮ್ಮ ಜೋಡಿ ಬರ್ತೀನಿ. ನಿಂತ ಜಾಗದಾಗೇ ನೋಡ್ಬೇಕು.”

“ಹೋಗು,” ಎಂದ ಅಣವೀರ. “ಇಲ್ಲಿದ್ರೂ ನೀ ಬ್ಯಾರೆ ಕೆಲಸ ಮಾಡಂಗಿಲ್ಲ.”

ಅಂದಿನ ಕಲ್ಲು ಚಿಂಚೋಳಿ ಕಡೆಯ ಐನಾಪುರಕ್ಕೆ ಹೋಗಬೇಕಿತ್ತು. ದಾರಿಯಲ್ಲಿ ಸೂಗಪ್ಪ ಮಗಳ ಮದುವೆಯ ಮಾತು ತೆಗೆದ. ಲುಂಬಿನಿಯ ಕಿವಿ ಎಂಜಿನ್ನಿನ ಕಡೆಗೇ ಇತ್ತು. ತೆಂಗಳಿ ದಾಟಿದ ಮೇಲೆ ಒಂದು ಏರಿನಲ್ಲಿ ಲಾರಿ ನಿಂತಿತು.

“ಸೆಲ್ಫ್ ಹೊಡಿರಿ ಕಾಕಾ. ಆರ್‌ಪಿಎಂ ಕಾಟಾ ಏಳ್ತದೇನು?”

“ಇಲ್ಲವಾ, ಸೊನ್ನಿ ಮ್ಯಾಲೇ ಅದ.”

ಎಂಜಿನ್ ತಿರುಗಿದರೂ ಮುಳ್ಳು ಏಳದಿದ್ದರೆ ಸೆನ್ಸರಿನ ಸುದ್ದಿ ಕಂಪ್ಯೂಟರಿಗೆ ಮುಟ್ಟುತ್ತಿಲ್ಲ. ಸೆನ್ಸರ್ ಹೊಸದು. ಹಾಗಾದರೆ ತಪ್ಪು ನಡುವಿನ ವೈರಿನಲ್ಲಿ. ಎಂಜಿನ್ ಆರಿದರೆ ದೋಷವೂ ಅಡಗುತ್ತದೆಂದು ಅವಳು ಕಾಯದೆ ಲಾರಿಯ ಕೆಳಗೆ ನುಗ್ಗಿದಳು. ಸೈಲೆನ್ಸರ್ ಪೈಪಿಗೆ ಮಣಿಕಟ್ಟು ತಾಗಿ ಚುರ್ ಎಂದಿತು. ಬೆರಳಿನಿಂದ ವೈರು ಹಿಡಿದು ಸರಿಯುತ್ತ ಹೋದಳು. ಸ್ಟಾರ್ಟರ್ ಮೋಟರಿನ ಹಿಂದೆ ಅದರ ಹೊದಿಕೆ ಸವೆದು, ಕಾದಾಗ ಮೆತ್ತಗಾಗಿ, ಒಳಗಿನ ತಂತಿ ಕಬ್ಬಿಣಕ್ಕೆ ತಾಗುತ್ತಿತ್ತು. ಬಿಡಿಸಿ, ಟೇಪು ಸುತ್ತಿ, ಆಚೆಗೆ ಎಳೆದು ಕಟ್ಟಿದಳು. ಎಂಜಿನ್ ಇನ್ನೂ ಸುಡುತ್ತಿರುವಾಗಲೇ ಲಾರಿ ಚಾಲೂ ಆಯಿತು.

ಸೂಗಪ್ಪ ಬಾಟಲಿಯ ನೀರನ್ನು ಅವಳ ಮಣಿಕಟ್ಟಿಗೆ ಸುರಿದ.

“ಹಳೇ ಸೆನ್ಸರ್ ಚಲೋನೇ ಇತ್ತು ಕಾಕಾ. ನಾನೇ ಅವಸರ ಮಾಡಿದೆ.”

“ಇಲ್ಲಿತನಕ ಬಂದು ನೋಡಿದೆಲ್ಲ, ಸಾಕು ಬಿಡು.”

ಐನಾಪುರದವರೆಗೆ ಲಾರಿ ಎಲ್ಲೂ ನಿಲ್ಲಲಿಲ್ಲ. ತಿರುಗಿ ಬರುವ ಬಸ್ಸಿನಲ್ಲಿ ಅವಳ ಕೈ ಉರಿಯುತ್ತಿತ್ತು. ಸೇಡಂನಿಂದ ಇನ್ನೊಂದು ಲಾರಿ ಬಂದಿದೆಯೆಂದು ಅಣವೀರನ ಫೋನು ಬಂತು.

“ನಾ ಬರೋತನಕ ಏನೂ ಬಿಚ್ಚಬ್ಯಾಡ್ರಿ,” ಎಂದು ಲುಂಬಿನಿ ಸೀಟಿನ ತುದಿಗೆ ಸರಿದು ಕೂತಳು.